ನಿಮ್ಮ ಮಾಹಿತಿ ಯಾರ ಬಳಿ ಇದೆ? ಹುಡುಕುವುದು, ಕಡಿಮೆ ಮಾಡುವುದು, ಕೇಳಿ ಅಳಿಸಿಸುವುದು ಹೇಗೆ

2023ರಲ್ಲಿ ಟ್ವೆಂಟಿತ್ರೀ ಆ್ಯಂಡ್ ಮಿ ಎಂಬ ಅಮೆರಿಕದ ವಂಶವಾಹಿ ಪರೀಕ್ಷಾ ಕಂಪನಿಯಲ್ಲಿ ನಡೆದ ಮಾಹಿತಿ ಕಳವಿನಲ್ಲಿ ಕಳ್ಳರು ನೇರವಾಗಿ ಹೊಕ್ಕಿದ್ದು ಸುಮಾರು 14 ಸಾವಿರ ಖಾತೆಗಳಿಗೆ ಮಾತ್ರ. ಬೇರೆ ಜಾಲತಾಣಗಳಿಂದ ಹಿಂದೆಂದೋ ಸೋರಿದ್ದ ಪಾಸ್‌ವರ್ಡ್‌ಗಳನ್ನೇ ಅವರು ಇಲ್ಲಿಯೂ ಹಾಕಿ ನೋಡಿದರು. ಎರಡೂ ಕಡೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದವರ ಖಾತೆಗಳು ತೆರೆದುಕೊಂಡವು. ಅಲ್ಲಿಂದ ಮುಂದೆ, ರಕ್ತಸಂಬಂಧಿಗಳನ್ನು ಪರಸ್ಪರ ಗುರುತಿಸಿಕೊಡುವ ಸೌಲಭ್ಯವನ್ನೇ ದಾರಿ ಮಾಡಿಕೊಂಡು ಸುಮಾರು 69 ಲಕ್ಷ ಜನರ ವಿವರಗಳನ್ನು ಕೈವಶ ಮಾಡಿಕೊಂಡರು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಅದಕ್ಕೆ ಕೆಲವೇ ದಿನ ಮೊದಲು ಕ್ಯಾಲಿಫೋರ್ನಿಯ ರಾಜ್ಯದ ಅಟಾರ್ನಿ ಜನರಲ್, ತಮ್ಮ ವಂಶವಾಹಿ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕು ಗ್ರಾಹಕರಿಗೆ ಕಾನೂನಿನಲ್ಲಿಯೇ ಇದೆ ಎಂದು ಸಾರ್ವಜನಿಕವಾಗಿ ನೆನಪಿಸಬೇಕಾಯಿತು.

ಒಬ್ಬರ ಅಜಾಗರೂಕತೆಯಿಂದ ಮತ್ತೊಬ್ಬರ ಮಾಹಿತಿ ಹೋಗುತ್ತದೆ. ಇಂದು ನಂಬಿದ ಕಂಪನಿ ನಾಳೆ ಮತ್ತೊಬ್ಬರ ಕೈ ಸೇರಬಹುದು. ಕಾನೂನಿನಲ್ಲಿರುವ ಹಕ್ಕಾದರೂ ನಾವು ಬರೆದು ಕೇಳುವವರೆಗೆ ಕಾಗದದ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಖಾಸಗಿತನದ ರಕ್ಷಣೆಯನ್ನು ಫೋನಿನಲ್ಲಿ ಒಮ್ಮೆ ಹೊಂದಿಸಿ ಮರೆಯಬಹುದಾದ ಕೆಲಸವೆಂದು ತಿಳಿಯಬಾರದು. ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಕೈಗೊಳ್ಳುವುದು ಒಳ್ಳೆಯದು, ಏಕೆಂದರೆ ಮುಖ್ಯ ಖಾತೆಯನ್ನು ಭದ್ರಪಡಿಸದೆ ಉಳಿದದ್ದನ್ನು ಸರಿಪಡಿಸಿ ಹೆಚ್ಚಿನ ಪ್ರಯೋಜನವಿಲ್ಲ.

ಹೆಜ್ಜೆ 1: ಖಾತೆಗಳ ಪಟ್ಟಿ ಮಾಡಿ

ನಿಮ್ಮ ಇಮೇಲ್ ಪೆಟ್ಟಿಗೆಯಲ್ಲಿ ‘ವೆಲ್‌ಕಮ್’, ‘ವೆರಿಫೈ’, ‘ಅಕೌಂಟ್’ ಎಂಬ ಪದಗಳನ್ನು ಹುಡುಕಿದರೆ ವರ್ಷಗಳ ಹಿಂದೆ ತೆರೆದು ಮರೆತ ಖಾತೆಗಳು ಒಂದೊಂದಾಗಿ ಸಿಗುತ್ತವೆ. ಬ್ರೌಸರ್ ಉಳಿಸಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳ ಪಟ್ಟಿಯನ್ನೂ, ಗೂಗಲ್, ಆ್ಯಪಲ್ ಅಥವಾ ಫೇಸ್‌ಬುಕ್ ಖಾತೆಯ ಮೂಲಕ ನೀವು ಪ್ರವೇಶ ಪಡೆದಿರುವ ಸೇವೆಗಳ ಪಟ್ಟಿಯನ್ನೂ ನೋಡಿ; ಈ ಎರಡನೆಯದು ಆಯಾ ಖಾತೆಯ ಸೆಟ್ಟಿಂಗ್ಸ್‌ನಲ್ಲಿಯೇ ಸಿಗುತ್ತದೆ.

ಸಿಕ್ಕ ಖಾತೆಗಳಲ್ಲಿ ಯಾವ ಬಗೆಯ ಮಾಹಿತಿ ಇದೆ ಎಂಬುದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಾರ್ಡ್ ಸಂಖ್ಯೆಯನ್ನು ರದ್ದು ಮಾಡಿಸಬಹುದು. ಫೋನ್ ಸಂಖ್ಯೆಯನ್ನೋ ವಿಳಾಸವನ್ನೋ ಬದಲಿಸುವುದು ಕಷ್ಟ. ಬೆರಳಚ್ಚು, ಮುಖಚಹರೆ, ಧ್ವನಿ, ವಂಶವಾಹಿ, ಕಾಯಿಲೆಯ ಇತಿಹಾಸ ಇವುಗಳನ್ನು ಬದಲಿಸುವುದು ಸಾಧ್ಯವೇ ಇಲ್ಲ. ಈ ಕೊನೆಯ ಗುಂಪಿನ ಮಾಹಿತಿ ಎಲ್ಲೆಲ್ಲಿದೆಯೋ ಆ ಖಾತೆಗಳಿಂದಲೇ ಶುದ್ಧೀಕರಣವನ್ನು ಆರಂಭಿಸಬೇಕು. ಫೋನಿನಿಂದ ಆ್ಯಪ್ ಅನ್ನು ತೆಗೆದುಹಾಕಿದ ಮಾತ್ರಕ್ಕೆ ಖಾತೆ ಅಳಿಯುವುದಿಲ್ಲ ಎಂಬುದು ನೆನಪಿರಲಿ; ಕಂಪನಿಯ ಸರ್ವರ್‌ನಲ್ಲಿರುವ ಮಾಹಿತಿ ಹಾಗೆಯೇ ಉಳಿದಿರುತ್ತದೆ. ಆ್ಯಪ್ ತೆಗೆಯುವ ಮೊದಲು ಅದರೊಳಗಿನ ‘ಡಿಲೀಟ್ ಅಕೌಂಟ್’ ಆಯ್ಕೆಯನ್ನು ಬಳಸಬೇಕು.

ಹೆಜ್ಜೆ 2: ಇಮೇಲ್ ಖಾತೆಯನ್ನು ಎಲ್ಲಕ್ಕಿಂತ ಮೊದಲು ಭದ್ರಪಡಿಸಿ

ಪಾಸ್‌ವರ್ಡ್ ಮರೆತಾಗ ಹೊಸದನ್ನು ಪಡೆಯುವ ಕೊಂಡಿ ಬಹುತೇಕ ಎಲ್ಲ ಸೇವೆಗಳಿಂದಲೂ ಬರುವುದು ಇಮೇಲ್‌ಗೆ. ಹೀಗಾಗಿ ಇಮೇಲ್ ಖಾತೆಯೆಂದರೆ ಮನೆಯ ಎಲ್ಲ ಕೋಣೆಗಳ ಕೀಲಿಗಳೂ ನೇತುಬಿದ್ದಿರುವ ಗೊಂಚಲು. ಅದು ಕಳೆದುಹೋದರೆ ಉಳಿದ ಬೀಗಗಳು ಎಷ್ಟೇ ಗಟ್ಟಿಯಾಗಿದ್ದರೂ ಫಲವಿಲ್ಲ.

ಈ ಖಾತೆಗೆ ಬೇರೆಲ್ಲಿಯೂ ಬಳಸದ, ಉದ್ದವಾದ ಪಾಸ್‌ವರ್ಡ್ ಇರಲಿ. ಚಿಹ್ನೆ, ಅಂಕಿ, ದೊಡ್ಡಕ್ಷರ ಎಂದು ಕಸರತ್ತು ಮಾಡಿಸುವ ಹಳೆಯ ನಿಯಮಗಳಿಗಿಂತ ಉದ್ದವೇ ಮುಖ್ಯ. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್ ಕೂಡ 2017ರ ಮಾರ್ಗಸೂಚಿಯಲ್ಲಿ, ಕಾರಣವಿಲ್ಲದೆ ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸುವ ಪದ್ಧತಿಯನ್ನು ಕೈಬಿಡಲು ಹೇಳಿತು. ಪರಸ್ಪರ ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಉಳಿದ ಖಾತೆಗಳ ಪಾಸ್‌ವರ್ಡ್‌ಗಳನ್ನು ಅವನ್ನೆಲ್ಲ ಬೀಗ ಹಾಕಿ ನೆನಪಿಟ್ಟುಕೊಳ್ಳುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್‌ಗೆ ವಹಿಸಿಬಿಡಿ.

ಪಾಸ್‌ವರ್ಡ್ ಟೈಪ್ ಮಾಡದೆ, ಫೋನಿನ ಬೀಗ ತೆರೆಯುವ ಬೆರಳಚ್ಚು, ಮುಖ ಅಥವಾ ಪಿನ್‌ನಿಂದಲೇ ಖಾತೆಯನ್ನು ಪ್ರವೇಶಿಸುವ ಪಾಸ್‌ಕೀ ಸೌಲಭ್ಯ ಇರುವಲ್ಲಿ ಅದನ್ನೇ ಆಯ್ದುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಇದರಲ್ಲಿ ಗುಪ್ತ ಕೀಲಿಯು ನಿಮ್ಮ ಸಾಧನದ ಅಥವಾ ಪಾಸ್‌ವರ್ಡ್ ಮ್ಯಾನೇಜರ್‌ನ ಬಳಿ ಇರುತ್ತದೆ, ಜಾಲತಾಣದ ಬಳಿ ಅದಕ್ಕೆ ಹೊಂದುವ ಬಹಿರಂಗ ಕೀಲಿ ಮಾತ್ರ ಇರುತ್ತದೆ. ಜಾಲತಾಣವನ್ನು ಕೊಳ್ಳೆ ಹೊಡೆದರೂ ಕಳ್ಳರಿಗೆ ಉಪಯೋಗಕ್ಕೆ ಬರುವ ಗುಟ್ಟು ಅಲ್ಲಿ ಸಿಗುವುದಿಲ್ಲ. ಅಷ್ಟೇ ಮುಖ್ಯವಾದ ಮತ್ತೊಂದು ಗುಣವೆಂದರೆ, ಪಾಸ್‌ಕೀ ತಾನು ಯಾವ ಜಾಲತಾಣಕ್ಕೆ ಸೇರಿದ್ದೋ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬ್ಯಾಂಕಿನ ಪುಟವನ್ನೇ ಹೋಲುವ ನಕಲಿ ಪುಟಕ್ಕೆ ನೀವು ಮೋಸಹೋದರೂ ಅದು ಮೋಸಹೋಗುವುದಿಲ್ಲ.

ಪಾಸ್‌ಕೀ ಇಲ್ಲದಿದ್ದರೆ ಎರಡು ಹಂತದ ದೃಢೀಕರಣವನ್ನು ಆನ್ ಮಾಡಿ. ಎಸ್ಎಂಎಸ್ ಮೂಲಕ ಬರುವ ಒಟಿಪಿಗಿಂತ, ಸಂಕೇತವನ್ನು ಫೋನಿನಲ್ಲಿಯೇ ಸೃಷ್ಟಿಸುವ ಅಥೆಂಟಿಕೇಟರ್ ಆ್ಯಪ್ ಮೇಲು, ಏಕೆಂದರೆ ವಂಚಕರು ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆದರೆ ಎಸ್ಎಂಎಸ್ ಅವರಿಗೇ ಹೋಗುತ್ತದೆ. ಖಾತೆ ಮರಳಿ ಪಡೆಯಲು ಕೊಡುವ ಸಂಕೇತಗಳನ್ನು ಕಾಗದದ ಮೇಲೆ ಬರೆದು ಜೋಪಾನವಾಗಿಡಿ. ಇಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮಗೆ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸವೋ ಗುರುತಿಲ್ಲದ ಸಾಧನವೋ ಇದೆಯೇ ಎಂಬುದನ್ನೂ ಒಮ್ಮೆ ನೋಡಿ.

ಹೆಜ್ಜೆ 3: ಫೋನಿನ ಅನುಮತಿಗಳನ್ನು ಒಂದೊಂದಾಗಿ ಪ್ರಶ್ನಿಸಿ

ಫೋನಿನಲ್ಲಿ ‘ಪ್ರೈವಸಿ’ ಅಥವಾ ‘ಪರ್ಮಿಷನ್ ಮ್ಯಾನೇಜರ್’ ತೆರೆದರೆ ಯಾವ ಆ್ಯಪ್‌ಗೆ ಏನೇನು ನೋಡಲು ಬಿಟ್ಟಿದ್ದೇವೆ ಎಂಬುದು ತಿಳಿಯುತ್ತದೆ. ಇಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಲೊಕೇಶನ್‌ಗೆ. ಸುಮಾರು 15 ಲಕ್ಷ ಜನರ ಮೊಬೈಲ್ ಚಲನವಲನವನ್ನು ಹೆಸರಿಲ್ಲದೆ ಪರಿಶೀಲಿಸಿದ ಸಂಶೋಧನೆಯೊಂದು 2013ರಲ್ಲಿ ಪ್ರಕಟವಾಯಿತು. ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಗುರುತುಗಳಿದ್ದರೆ ಶೇ 95ರಷ್ಟು ಮಂದಿಯನ್ನು ಆ ರಾಶಿಯಿಂದ ಪ್ರತ್ಯೇಕಿಸಬಹುದು ಎಂದು ಅದು ತೋರಿಸಿತು. ರಾತ್ರಿ ಫೋನ್ ಇರುವ ಜಾಗ ಮನೆ, ಹಗಲು ಇರುವ ಜಾಗ ಕಚೇರಿ. ಮೂರನೆಯದು ಆಸ್ಪತ್ರೆಯಾಗಿದ್ದರೆ ಹೆಸರು ಬೇಕಾಗುವುದೇ ಇಲ್ಲ. ಹೀಗಾಗಿ ‘ಮಾಹಿತಿಯನ್ನು ಅನಾಮಧೇಯಗೊಳಿಸಿ ಬಳಸುತ್ತೇವೆ’ ಎಂಬ ಭರವಸೆಯನ್ನು ಓದಿ ನಿಶ್ಚಿಂತರಾಗುವಂತಿಲ್ಲ.

ನಕ್ಷೆಯ ಆ್ಯಪ್‌ಗೆ ‘ಬಳಸುವಾಗ ಮಾತ್ರ’ ಎಂಬ ಅನುಮತಿ ಸಾಕು. ಹವಾಮಾನ ತಿಳಿಸುವ ಆ್ಯಪ್‌ಗೆ ಅಂದಾಜು ಸ್ಥಳ ಸಾಕು. ಐಫೋನಿನ ಐಒಎಸ್ 14 ಮತ್ತು ಆ್ಯಂಡ್ರಾಯ್ಡ್ 12ರಿಂದ ಈಚೆಗೆ ನಿಖರ ಸ್ಥಳದ ಬದಲು ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆ ಇದೆ. ಫೋಟೊಗಳ ವಿಷಯದಲ್ಲಿಯೂ ಇಡೀ ಸಂಗ್ರಹದ ಬದಲು ಆಯ್ದ ಚಿತ್ರಗಳಿಗೆ ಮಾತ್ರ ಅನುಮತಿ ಕೊಡಬಹುದು. ಚಿತ್ರದ ಕಡತದೊಳಗೆ ಅದನ್ನು ತೆಗೆದ ಸ್ಥಳವೂ ಅಡಗಿರಬಹುದಾದ್ದರಿಂದ, ಅಪರಿಚಿತರಿಗೆ ಕಳುಹಿಸುವ ಮುನ್ನ ಲೊಕೇಶನ್ ತೆಗೆದುಹಾಕಿ ಹಂಚಿಕೊಳ್ಳುವ ಆಯ್ಕೆಯನ್ನು ಬಳಸಿ. ಕಾಂಟ್ಯಾಕ್ಟ್ಸ್ ಅನುಮತಿಗೆ ಒಪ್ಪುವ ಮುನ್ನ ಇನ್ನೂ ಹೆಚ್ಚು ಯೋಚಿಸಬೇಕು. ಅಲ್ಲಿ ನಾವು ಕೊಡುತ್ತಿರುವುದು ನಮ್ಮನ್ನು ನಂಬಿ ಸಂಖ್ಯೆ ಕೊಟ್ಟ ನೂರಾರು ಜನರ ಮಾಹಿತಿ, ಮತ್ತು ಅವರನ್ನು ಯಾರೂ ಕೇಳಿಲ್ಲ.

ಜಾಹೀರಾತಿಗಾಗಿ ಫೋನಿಗೆ ಅಂಟಿರುವ ಗುರುತಿನ ಸಂಖ್ಯೆಯನ್ನು ಆ್ಯಂಡ್ರಾಯ್ಡ್‌ನಲ್ಲಿ ಅಳಿಸಿಬಿಡಬಹುದು. ಐಫೋನ್‌ನಲ್ಲಿ 2021ರಲ್ಲಿ ಬಂದ ಐಒಎಸ್ 14.5ರಿಂದ, ಬೇರೆ ಆ್ಯಪ್ ಮತ್ತು ಜಾಲತಾಣಗಳಲ್ಲಿ ನಿಮ್ಮನ್ನು ಹಿಂಬಾಲಿಸಲು ಆ್ಯಪ್‌ಗಳು ಅನುಮತಿ ಕೇಳಬೇಕಾಗಿದೆ. ಕೇಳುವುದನ್ನೇ ನಿಲ್ಲಿಸುವ ಆಯ್ಕೆಯೂ ಇದೆ.

ಹೆಜ್ಜೆ 4: ಕೊಡುವುದನ್ನು ಕಡಿಮೆ ಮಾಡಿ

ಸಂಗ್ರಹವಾಗದ ಮಾಹಿತಿ ಸೋರುವುದಿಲ್ಲ, ಮಾರಾಟವಾಗುವುದಿಲ್ಲ, ನ್ಯಾಯಾಲಯದ ಆದೇಶಕ್ಕೂ ಸಿಗುವುದಿಲ್ಲ. ನಮೂನೆಯಲ್ಲಿ ಕಡ್ಡಾಯವೆಂಬ ಗುರುತಿಲ್ಲದ ಜಾಗವನ್ನು ಖಾಲಿ ಬಿಡುವ ಅಭ್ಯಾಸವೊಂದೇ ದೊಡ್ಡ ರಕ್ಷಣೆ. ಜನ್ಮದಿನಾಂಕವನ್ನು ನಿರಪಾಯಕಾರಿ ವಿವರವೆಂದು ಭಾವಿಸುವವರೇ ಹೆಚ್ಚು; ಆದರೆ ಅಮೆರಿಕದ ಜನಗಣತಿಯ ವಿವರಗಳನ್ನು ಆಧರಿಸಿ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿ ಮಾಡಿದ ಲೆಕ್ಕಾಚಾರದ ಪ್ರಕಾರ, ಅಂಚೆ ಸಂಖ್ಯೆ, ಲಿಂಗ ಮತ್ತು ಪೂರ್ಣ ಜನ್ಮದಿನಾಂಕ ಈ ಮೂರೇ ಸೇರಿ ಆ ದೇಶದ ಶೇ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಲ್ಲವು. ಒಮ್ಮೆ ಮಾತ್ರ ಬಳಸುವ ಸೇವೆಗಳಿಗೆ, ನಿಜವಾದ ವಿಳಾಸವನ್ನು ಮರೆಮಾಡುವ ಬದಲಿ ಇಮೇಲ್ ವಿಳಾಸ ಕೊಡಿ.

ಈಗ ಹೊಸದಾಗಿ ಸೇರಿಕೊಂಡಿರುವುದು ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು. ವೈದ್ಯಕೀಯ ವರದಿ, ಕರಾರು ಪತ್ರ, ಕುಟುಂಬದ ಜಗಳ ಎಲ್ಲವನ್ನೂ ಜನ ಅವುಗಳ ಮುಂದೆ ಹರವುತ್ತಿದ್ದಾರೆ. ಸಂಭಾಷಣೆಯನ್ನು ಮಾದರಿಗಳ ತರಬೇತಿಗೆ ಬಳಸಬಾರದು ಎಂಬ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದ್ದರೆ ಅದನ್ನು ಮೊದಲು ಹೊಂದಿಸಿ, ಹೆಸರು ಮತ್ತು ಸಂಖ್ಯೆಗಳನ್ನು ತೆಗೆದ ನಂತರವೇ ದಾಖಲೆಗಳನ್ನು ಅಂಟಿಸಿ. ಇನ್ನೊಬ್ಬರ ದಾಖಲೆಯನ್ನು ಅವರ ಒಪ್ಪಿಗೆಯಿಲ್ಲದೆ ಹಾಕಲೇಬೇಡಿ.

ಸಂದೇಶಗಳಿಗೆ, ಕಳುಹಿಸಿದವರು ಮತ್ತು ಪಡೆದವರು ಮಾತ್ರ ಓದಬಹುದಾದ ಗೂಢಲಿಪೀಕರಣ ಇರುವ ಸೇವೆಯನ್ನೇ ಆರಿಸಿ. ಸಿಗ್ನಲ್ ಎಂಬ ಸಂದೇಶದ ಆ್ಯಪ್‌ನಲ್ಲಿ ಇದು ಮೊದಲಿನಿಂದಲೂ ಇದೆ, ವಾಟ್ಸ್ಆ್ಯಪ್‌ನಲ್ಲಿ 2016ರಿಂದ ಎಲ್ಲರಿಗೂ ಸಿಕ್ಕಿದೆ. ಆದರೆ ಬ್ಯಾಕಪ್‌ಗೆ ಅದೇ ರಕ್ಷಣೆ ತಾನಾಗಿಯೇ ಸಿಗದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬೇರೆಯಾಗಿ ಆನ್ ಮಾಡಬೇಕು. ಕೊಟ್ಟ ರಕ್ಷಣೆ ಕಾನೂನಿನ ಒತ್ತಡದಿಂದ ಹಿಂದಕ್ಕೆ ಹೋಗುವುದೂ ಉಂಟು: ಗೂಢಲಿಪಿಯಲ್ಲಿರುವ ಮಾಹಿತಿಯನ್ನು ತನಗೆ ನೋಡಲು ಬಿಡಬೇಕೆಂಬ ಬ್ರಿಟನ್ ಸರ್ಕಾರದ ಬೇಡಿಕೆಯ ಸುದ್ದಿ ಹೊರಬಂದ ಬೆನ್ನಿಗೇ, 2025ರ ಫೆಬ್ರುವರಿಯಲ್ಲಿ ಆ್ಯಪಲ್ ತನ್ನ ಆನ್‌ಲೈನ್ ಸಂಗ್ರಹ ಸೇವೆಯಾದ ಐಕ್ಲೌಡ್‌ನ ಹೆಚ್ಚುವರಿ ಗೂಢಲಿಪೀಕರಣವನ್ನು ಆ ದೇಶದ ಹೊಸ ಬಳಕೆದಾರರಿಗೆ ಕೊಡುವುದನ್ನು ನಿಲ್ಲಿಸಿತು.

ಹೆಜ್ಜೆ 5: ಕಾನೂನಿನ ಹಕ್ಕನ್ನು ಬರೆದು ಚಲಾಯಿಸಿ

ಜರ್ಮನಿಯ ಹೆಸ್ಸೆ ರಾಜ್ಯ 1970ರಲ್ಲಿ ಜಗತ್ತಿನ ಮೊದಲ ಮಾಹಿತಿ ರಕ್ಷಣಾ ಕಾಯ್ದೆಯನ್ನು ತಂದಾಗ ಅದರ ಕಣ್ಣ ಮುಂದೆ ಇದ್ದದ್ದು ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳು. ಇಂದು ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನು, ಕ್ಯಾಲಿಫೋರ್ನಿಯದಲ್ಲಿ 2020ರಿಂದ ಇರುವ ಗ್ರಾಹಕ ಖಾಸಗಿತನ ಕಾಯ್ದೆ, ಬ್ರೆಜಿಲ್‌ನ ಎಲ್‌ಜಿಪಿಡಿ, ಚೀನಾದ 2021ರ ಕಾಯ್ದೆ, ಹಂತ ಹಂತವಾಗಿ ಜಾರಿಗೆ ಬರುತ್ತಿರುವ ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಹೀಗೆ ಪಟ್ಟಿ ಬೆಳೆಯುತ್ತಿದೆ. ವಿವರಗಳು ಬೇರೆಬೇರೆಯಾದರೂ ತಿರುಳು ಬಹುಮಟ್ಟಿಗೆ ಒಂದೇ: ನಮ್ಮ ಬಗ್ಗೆ ಏನಿದೆ ಎಂದು ತಿಳಿಯುವುದು, ತಪ್ಪನ್ನು ತಿದ್ದಿಸುವುದು, ಅಳಿಸುವಂತೆ ಕೇಳುವುದು.

ಮೊದಲು ಕಂಪನಿಯ ಖಾಸಗಿತನ ನೀತಿಯ ಪುಟದಲ್ಲಿ, ಮಾಹಿತಿ ರಕ್ಷಣಾ ಅಧಿಕಾರಿ ಅಥವಾ ಕುಂದುಕೊರತೆ ಅಧಿಕಾರಿಯ ವಿಳಾಸವನ್ನು ಹುಡುಕಿ. ನಿಮಗೆ ಅನ್ವಯಿಸುವ ಕಾಯ್ದೆ ಯಾವುದೆಂಬುದು ನೀವು ವಾಸಿಸುವ ಸ್ಥಳವನ್ನು ಬಹುಪಾಲು ಅವಲಂಬಿಸಿರುತ್ತದೆ, ಆಯಾ ಪ್ರದೇಶದವರ ಹಕ್ಕುಗಳನ್ನು ಆ ಪುಟದಲ್ಲಿ ಪ್ರತ್ಯೇಕವಾಗಿ ಬರೆದಿರುವುದೂ ಉಂಟು. ನಂತರ ಖಾತೆಗೆ ಜೋಡಿಸಿರುವ ಇಮೇಲ್‌ನಿಂದಲೇ ಹೀಗೆ ಬರೆಯಿರಿ: ‘ಈ ಇಮೇಲ್ ವಿಳಾಸದ ಖಾತೆ ನನ್ನದು. ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲ ವೈಯಕ್ತಿಕ ಮಾಹಿತಿಯ ಪ್ರತಿಯನ್ನು ಕೊಡಬೇಕೆಂದು ಕೋರುತ್ತೇನೆ. ಅದನ್ನು ಎಲ್ಲಿಂದ ಪಡೆದಿರಿ, ಯಾವ ಉದ್ದೇಶಕ್ಕೆ ಬಳಸುತ್ತಿದ್ದೀರಿ, ಯಾರೊಂದಿಗೆ ಹಂಚಿಕೊಂಡಿದ್ದೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ತಿಳಿಸಬೇಕು.’ ಕಾಯ್ದೆಯ ಹೆಸರನ್ನು ಮತ್ತು ದಿನಾಂಕವನ್ನು ತಪ್ಪದೆ ನಮೂದಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಅಳಿಸಿ ಎಂದು ಮೊದಲೇ ಕೇಳುವ ಆತುರ ಬೇಡ. ಮೊದಲು ಪ್ರತಿಯನ್ನು ಪಡೆದರೆ ನಮ್ಮ ಮಾಹಿತಿ ಯಾರ ಯಾರ ಕೈಗೆ ಹೋಗಿದೆ ಎಂಬುದು ತಿಳಿಯುತ್ತದೆ, ಮುಂದಿನ ಪತ್ರವನ್ನು ಅವರಿಗೂ ಬರೆಯಬಹುದು; ಅಳಿಸಿದ ಮೇಲೆ ಆ ಜಾಡು ಸಿಗುವುದು ಕಷ್ಟ. ಗುರುತು ದೃಢಪಡಿಸಲು ಕಂಪನಿ ದಾಖಲೆ ಕೇಳಿದರೆ, ಖಾತೆಗೆ ಲಾಗಿನ್ ಆಗಿ ದೃಢಪಡಿಸಬಹುದೇ ಎಂದು ಮೊದಲು ಕೇಳಿ. ಕೊಡಲೇಬೇಕಾದರೆ ಅಗತ್ಯವಿಲ್ಲದ ಸಂಖ್ಯೆಗಳನ್ನು ಮುಚ್ಚಿ, ಯಾವ ಉದ್ದೇಶಕ್ಕೆ ಕೊಟ್ಟದ್ದೆಂದು ಪ್ರತಿಯ ಮೇಲೆಯೇ ಬರೆದು ಕಳುಹಿಸಿ.

ಜಿಡಿಪಿಆರ್ ಅಡಿಯಲ್ಲಿ ಉತ್ತರಿಸಲು ಒಂದು ತಿಂಗಳ ಗಡುವಿದೆ, ಜಟಿಲ ಪ್ರಕರಣಗಳಲ್ಲಿ ಇನ್ನೆರಡು ತಿಂಗಳು ವಿಸ್ತರಿಸಬಹುದು. ಕ್ಯಾಲಿಫೋರ್ನಿಯದಲ್ಲಿ ಗಡುವು 45 ದಿನ. ಉತ್ತರ ಬಾರದಿದ್ದರೆ ಗಡುವು ಮುಗಿದ ಕೂಡಲೇ ಒಂದು ನೆನಪೋಲೆ, ಆಮೇಲೆ ನಿಯಂತ್ರಣ ಪ್ರಾಧಿಕಾರಕ್ಕೆ ದೂರು. ತೆರಿಗೆ, ಹಣಕಾಸು ಮುಂತಾದ ಕಾನೂನುಗಳ ಪ್ರಕಾರ ಉಳಿಸಿಕೊಳ್ಳಲೇಬೇಕಾದ ದಾಖಲೆಗಳನ್ನು ಕಂಪನಿ ಅಳಿಸಲಾರದು, ಅದು ನ್ಯಾಯವೇ. ಆದರೆ ಯಾವುದನ್ನು, ಯಾವ ಕಾರಣಕ್ಕೆ ಉಳಿಸಿಕೊಂಡಿದ್ದೇವೆ ಎಂದು ತಿಳಿಸುವಂತೆ ಕೇಳಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಜಿಡಿಪಿಆರ್ ಮತ್ತು ಭಾರತದ ಕಾಯ್ದೆ ಎರಡೂ ಹೇಳುತ್ತವೆ. ‘ಒಪ್ಪುತ್ತೇನೆ’ ಎಂಬ ದೊಡ್ಡ ಗುಂಡಿಯ ಪಕ್ಕದಲ್ಲಿ ನಿರಾಕರಣೆಯನ್ನು ನಾಲ್ಕು ಪುಟಗಳ ಆಚೆ ಬಚ್ಚಿಡುವ ವಿನ್ಯಾಸದ ವಿರುದ್ಧ ದೂರು ಬರೆಯುವಾಗ ಈ ತತ್ವವನ್ನು ಉಲ್ಲೇಖಿಸಬಹುದು. ಭಾರತದ ಕಾಯ್ದೆಯಲ್ಲಿ ಇನ್ನೊಂದು ಗಮನಾರ್ಹ ಅವಕಾಶವಿದೆ: ನಾವು ತೀರಿಕೊಂಡರೆ ಅಥವಾ ಅಸಮರ್ಥರಾದರೆ ಈ ಹಕ್ಕುಗಳನ್ನು ನಮ್ಮ ಪರವಾಗಿ ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಬಹುದು.

ಹೆಜ್ಜೆ 6: ಸೋರಿಕೆಯಾದರೆ ಏನು ಮಾಡಬೇಕು

ಸೋರಿಕೆಯ ಸುದ್ದಿ ತಿಳಿದ ಕೂಡಲೇ ಆ ಸೇವೆಯ ಪಾಸ್‌ವರ್ಡ್ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಇದ್ದರೆ ಅಲ್ಲಿಯೂ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ. ಕಾರ್ಡಿನ ವಿವರ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವುದು ಅದೇ ಗಂಟೆಯಲ್ಲಿ ಆಗಬೇಕಾದ ಕೆಲಸ. ನಿಮ್ಮ ಇಮೇಲ್ ವಿಳಾಸ ಹಿಂದಿನ ಸೋರಿಕೆಗಳಲ್ಲಿ ಇದೆಯೇ ಎಂಬುದನ್ನು 2013ರಿಂದ ನಡೆಯುತ್ತಿರುವ ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣದಲ್ಲಿ ಪರಿಶೀಲಿಸಬಹುದು. ಮುಂದಿನ ವಾರಗಳಲ್ಲಿ ಬರುವ ಕರೆ ಮತ್ತು ಸಂದೇಶಗಳ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಸೋರಿದ ನಿಜವಾದ ವಿವರಗಳನ್ನೇ ಹೇಳಿ ವಂಚಕರು ವಿಶ್ವಾಸ ಗಳಿಸುತ್ತಾರೆ. ಮನೆಯವರ ಧ್ವನಿಯನ್ನೇ ಅನುಕರಿಸುವ ತಂತ್ರಾಂಶಗಳು ಬಂದಿರುವುದರಿಂದ, ಧ್ವನಿ ಕೇಳಿ ಹಣ ಕಳುಹಿಸದೆ, ನಿಮ್ಮಲ್ಲಿರುವ ಹಳೆಯ ಸಂಖ್ಯೆಗೆ ನೀವೇ ಮರಳಿ ಕರೆ ಮಾಡಿ.

ಹೆಜ್ಜೆ 7: ಮತ್ತೆ ಯಾವಾಗ ಪರಿಶೀಲಿಸಬೇಕು

ಫೋನಿನ ತಂತ್ರಾಂಶದ ದೊಡ್ಡ ಪರಿಷ್ಕರಣೆಯಾದಾಗ, ‘ನಮ್ಮ ನೀತಿ ಬದಲಾಗಿದೆ’ ಎಂಬ ಇಮೇಲ್ ಬಂದಾಗ, ಬಳಸುತ್ತಿರುವ ಸೇವೆ ಮಾರಾಟವಾದ ಅಥವಾ ಮುಚ್ಚುವ ಸುದ್ದಿ ಕೇಳಿದಾಗ ಮೂರನೆಯ ಮತ್ತು ಐದನೆಯ ಹೆಜ್ಜೆಗಳನ್ನು ಮತ್ತೆ ಕೈಗೊಳ್ಳಿ. ನೀತಿ ಬದಲಾವಣೆಯ ಪತ್ರದಲ್ಲಿ ‘ಹಂಚಿಕೊಳ್ಳುವುದು’, ‘ಪಾಲುದಾರರು’, ‘ತರಬೇತಿ’ ಎಂಬ ಪದಗಳಿರುವ ಭಾಗವನ್ನಾದರೂ ಓದಿ. ಆಕ್ಷೇಪಿಸಲು ಗಡುವು ಇದ್ದರೆ ಅದು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಹಳೆಯ ಫೋನನ್ನು ಇನ್ನೊಬ್ಬರಿಗೆ ಕೊಡುವಾಗ ಮೊದಲು ಬ್ಯಾಕಪ್ ಮಾಡಿ, ಎಲ್ಲ ಖಾತೆಗಳಿಂದ ಹೊರಬಂದು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ಹೊಸ ಫೋನಿನಿಂದ ನಿಮ್ಮ ಖಾತೆಯ ಸಾಧನಗಳ ಪಟ್ಟಿಯನ್ನು ತೆರೆದು, ಹಳೆಯ ಫೋನಿನ ಹೆಸರು ಅಲ್ಲಿ ಉಳಿದಿದ್ದರೆ ಅದನ್ನೂ ತೆಗೆದುಹಾಕಿ.