ಹಳೆಯ ಮಿನಿಗೆ 1275 ಎಂಜಿನ್ ಕೂರಿಸಿದ್ದು: ನನ್ನ ಅನುಭವ

ನನ್ನ ಮಿನಿ, ಅಂದರೆ ಬ್ರಿಟನ್ನಿನ ಆ ಪುಟ್ಟ ಕಾರು, 1980ರದು. ಅದರಲ್ಲಿದ್ದದ್ದು 998 ಸಿಸಿ ಎಂಜಿನ್, ಹೊಸದಿದ್ದಾಗ 40 ಅಶ್ವಶಕ್ತಿಯ ಆಸುಪಾಸು. ಬರ್ಮಿಂಗ್‌ಹ್ಯಾಮ್ ಒಳಗೆ ಓಡಾಡೋಕೆ ಧಾರಾಳ ಸಾಕು. ಮೋಟರ್‌ವೇ ಹತ್ತಿದರೆ ಮಾತ್ರ ಲಾರಿಗಳ ಹಿಂದೆ ಏದುಸಿರು ಬಿಡುತ್ತಿತ್ತು. ಈಗ ಅದೇ ಜಾಗದಲ್ಲಿ ಆಸ್ಟಿನ್ ಮೆಟ್ರೋ ಕಾರಿನಿಂದ ತೆಗೆದ 1275 ಸಿಸಿ ಎಂಜಿನ್ ಕೂತಿದೆ. ಮಾಡಬೇಕು ಅಂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಎಂಜಿನ್ ಇಳಿಸಿ ಏರಿಸುವುದು ಈ ಕೆಲಸದಲ್ಲಿ ಸಣ್ಣ ಪಾಲು. ದುಡ್ಡು, ತಲೆನೋವು ಎರಡೂ ಜಾಸ್ತಿ ಬೇಡಿದ್ದು ಬ್ರೇಕು ಮತ್ತು ಗೇರು.

ಹೋಂಡಾದ ವಿಟೆಕ್ ಎಂಜಿನ್ ಯಾಕೆ ಹಾಕಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. 600 ಚಿಲ್ಲರೆ ಕೆಜಿಯ ಕಾರಿಗೆ 160 ಅಶ್ವಶಕ್ತಿ ಅಂದರೆ ಯಾರಿಗೆ ಆಸೆ ಆಗಲ್ಲ? ಆದರೆ ಅದಕ್ಕೆ ಎಂಜಿನ್ ಹೊರುವ ಮುಂದಿನ ಸಬ್‌ಫ್ರೇಮ್ ಬೇರೆಯದೇ ಬೇಕು, ಎಷ್ಟೋ ಸಲ ಮುಂಭಾಗದ ತಗಡನ್ನೂ ಕತ್ತರಿಸಬೇಕು. ಆಮೇಲೆ ಉಳಿಯುವುದು ಮಿನಿಯ ಅಂಗಿ ತೊಟ್ಟ ಹೋಂಡಾ. 1275 ಹಾಗಲ್ಲ. 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿಸಿಯಾಗಿ ಶುರುವಾದ ಎ-ಸೀರೀಸ್ ಮನೆತನದ್ದೇ ಅದು. 1959ರ ಮೊದಲ ಮಿನಿಗೆ ಅದರ ವಿನ್ಯಾಸಕಾರ ಇಸಿಗೋನಿಸ್ ಅಡ್ಡಡ್ಡ ಕೂರಿಸಿದ 848 ಸಿಸಿಯದ್ದೂ ಅದೇ ಕುಲ. ಎಂಜಿನ್ ಕೂರುವ ಮೌಂಟುಗಳು ಅವೇ, ಬಾನೆಟ್ಟಿನ ಕೆಳಗೆ ಜಾಗವೂ ಅಷ್ಟೇ ಸಾಕು. 998ರಲ್ಲಿ ಬೋರ್ (ಸಿಲಿಂಡರಿನ ಅಗಲ) 64.58 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 76.2. 1275ರಲ್ಲಿ 70.61 ಮತ್ತು 81.28. ಮಾಮೂಲಿ ಮೆಟ್ರೋ ಎಂಜಿನ್ನಿನಿಂದ 60 ಚಿಲ್ಲರೆ ಅಶ್ವಶಕ್ತಿ ಬರುತ್ತದೆ, ಚುರುಕಿನ ಮಾದರಿಯಾದ ಎಂಜಿ ಮೆಟ್ರೋದ್ದಾದರೆ 72. ನನ್ನದು ಮಾಮೂಲಿಯದು.

ಬ್ರೇಕ್ ಕೆಲಸವನ್ನು ಎಂಜಿನ್ ಮುಟ್ಟುವ ಮೊದಲೇ ಮುಗಿಸಿದೆ. ನನ್ನ ಕಾರಿಗೆ ಮುಂದೆಯೂ ಡ್ರಮ್ ಇತ್ತು. 998 ಸಿಸಿಯ ಮಿನಿಗೆ ಮುಂದಿನ ಡಿಸ್ಕ್ ಬಂದದ್ದು 1984ರಲ್ಲಿ, 12 ಇಂಚಿನ ಚಕ್ರದ ಜೊತೆ. ಆ 8.4 ಇಂಚಿನ ಡಿಸ್ಕ್ ಹಳೆಯ 10 ಇಂಚಿನ ಚಕ್ರದೊಳಗೆ ಹಿಡಿಸುವುದಿಲ್ಲ. ಚಿಕ್ಕ ಚಕ್ರವೇ ಬೇಕೆಂದರೆ ಮಿನಿಯದೇ ವೇಗದ ರೂಪವಾದ ಕೂಪರ್ ಎಸ್ ಮಾದರಿಯ 7.5 ಇಂಚಿನ ಡಿಸ್ಕ್ ಹಾಕಬೇಕು, ಅದರ ರೇಟು ಕೇಳಿದರೆ ಆಸೆ ತಾನಾಗಿ ಇಳಿಯುತ್ತದೆ. ನಾನು 1984ರ ನಂತರದ ಕಾರಿನ ಹಬ್ (ಚಕ್ರ ಕೂರುವ ಭಾಗ), ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), ಚಕ್ರ ಎಲ್ಲವನ್ನೂ ಒಟ್ಟಿಗೆ ತಂದೆ. ಚಕ್ರಕ್ಕೆ ತಿರುಗುಬಲ ಮುಟ್ಟಿಸುವ ಸಿವಿ ಜಾಯಿಂಟನ್ನೂ ಮರೆಯದೆ ತನ್ನಿ. ಡ್ರಮ್ ಹಬ್ಬಿನ ಜಾಯಿಂಟ್ ಡಿಸ್ಕ್ ಹಬ್ಬಿಗೆ ಹೊಂದುವುದಿಲ್ಲ. ಹೊಸ ಬ್ರೇಕಿನಲ್ಲಿ ಕೆಲವು ವಾರ ಹಳೆಯ ಎಂಜಿನ್ನಿನಲ್ಲೇ ಓಡಿಸಿ, ಸೋರಿಕೆ ಇಲ್ಲ, ಒಂದು ಕಡೆಗೆ ಎಳೆಯಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಇನ್ನು ಗೇರ್. ಮಿನಿಯಲ್ಲಿ ಗೇರ್‌ಬಾಕ್ಸ್ ಇರುವುದು ಎಂಜಿನ್ನಿನ ಕೆಳಗೆ, ಆಯಿಲ್ ನಿಲ್ಲುವ ಸಂಪಿನ ಜಾಗದಲ್ಲಿ. ಎರಡಕ್ಕೂ ಒಂದೇ ಆಯಿಲ್. ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ತುದಿಯಲ್ಲಿ ಪ್ರೈಮರಿ ಗೇರ್, ನಡುವೆ ಐಡ್ಲರ್ ಗೇರ್, ಕೆಳಗೆ ಗೇರ್‌ಬಾಕ್ಸಿನ ಇನ್‌ಪುಟ್ ಗೇರ್. ನಾನು ನನ್ನ ಕಾರಿನ ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡೆ. ಇಲ್ಲೇ ತೊಡಕು ಇರೋದು. 1275ರ ಕ್ರ್ಯಾಂಕಿನ ತುದಿ ದಪ್ಪ, 998ರ ಪ್ರೈಮರಿ ಗೇರ್ ಅದರ ಮೇಲೆ ಏರುವುದೇ ಇಲ್ಲ. ಮೆಟ್ರೋದ ಪ್ರೈಮರಿ ಗೇರ್ ಏರುತ್ತದೆ. ಆದರೆ ಅದು ಎ-ಪ್ಲಸ್ (ಎ-ಸೀರೀಸಿನ ಸುಧಾರಿತ ರೂಪ) ಕಾಲದ್ದು, ಹಲ್ಲಿನ ಅಳತೆ ಬೇರೆ, ಹಳೆಯ ಐಡ್ಲರ್ ಜೊತೆ ಸೇರುವುದಿಲ್ಲ. ತೂತು 1275ಕ್ಕೆ, ಹಲ್ಲು ಹಳೆಯ ಐಡ್ಲರಿಗೆ, ಎರಡೂ ಹೊಂದುವ ಗೇರ್ ಎ-ಪ್ಲಸ್‌ಗಿಂತ ಮೊದಲಿನ 1275ರಲ್ಲಿ ಸಿಗುತ್ತದೆ. ಅಂಥದ್ದೊಂದನ್ನು ಹುಡುಕಿ ತಂದೆ.

ಸಿಕ್ಕಿತು ಅಂತ ಸುಮ್ನೆ ತೂರಿಸಿಬಿಡುವ ಹಾಗಿಲ್ಲ. ಪ್ರೈಮರಿ ಗೇರಿಗೆ ಆಚೀಚೆ ಅಲ್ಲಾಡಲು ಒಂದಿಷ್ಟು ಸಂದು ಇರಬೇಕು: ಇಂಚಿನ ಸಾವಿರ ಭಾಗದಲ್ಲಿ ಮೂರೂವರೆಯಿಂದ ಆರೂವರೆ ಭಾಗ. ಐಡ್ಲರಿಗೆ ನಾಲ್ಕರಿಂದ ಏಳು. ಈ ಸಂದು ಹೊಂದಿಸುವ ಥ್ರಸ್ಟ್ ವಾಷರ್‌ಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ. ಒಂದು ಹಾಕಿ, ಗ್ಯಾಸ್ಕೆಟ್ ಸಮೇತ ಕೇಸ್ ಬಿಗಿದು, ಫೀಲರ್ ಗೇಜಿನಿಂದ ಅಳೆದು, ಸರಿಯಿಲ್ಲದಿದ್ದರೆ ಬಿಚ್ಚಿ ಇನ್ನೊಂದು ಹಾಕಬೇಕು. ಬೇಜಾರಿನ ಕೆಲಸವೇ. ಆದರೆ ಇಲ್ಲಿ ಅವಸರ ಮಾಡಿದರೆ ಆಮೇಲೆ ಎಂಜಿನ್ ಪೂರ್ತಿ ಕೆಳಗಿಳಿಸದೆ ಬೇರೆ ದಾರಿ ಇಲ್ಲ. ಗೇರ್‌ಬಾಕ್ಸ್ ಹೇಗೂ ಬಿಚ್ಚಿದ್ದೆ, ಅದಕ್ಕೆ ಫೈನಲ್ ಡ್ರೈವನ್ನೂ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್ ಅನುಪಾತ) 3.44ರಿಂದ 3.1ಕ್ಕೆ ಬದಲಿಸಿದೆ. ಗಂಟೆಗೆ 70 ಮೈಲಿಯಲ್ಲಿ ಎಂಜಿನ್ ಸುತ್ತು ಮೊದಲಿಗಿಂತ ನಿಮಿಷಕ್ಕೆ ಸುಮಾರು 400 ಕಡಿಮೆ. ಕಿವಿಗೆ ಅಷ್ಟೇ ದೊಡ್ಡ ಸಮಾಧಾನ. ಸ್ಪೀಡೋಮೀಟರನ್ನು ಮಾತ್ರ ಹೊಸ ಅನುಪಾತಕ್ಕೆ ತಕ್ಕಂತೆ ಸರಿಮಾಡಿಸಬೇಕು.

ಏರಿಸಿದ್ದು ಒಂದು ಶನಿವಾರ, ಬಾಡಿಗೆ ಕ್ರೇನಿನಲ್ಲಿ, ಗೆಳೆಯನೊಬ್ಬನ ಸಹಾಯದಿಂದ. ಎಂಜಿನ್, ಗೇರ್‌ಬಾಕ್ಸ್ ಸೇರಿ ಸುಮಾರು 150 ಕೆಜಿ. ಬಾನೆಟ್, ಗ್ರಿಲ್ ಮೊದಲೇ ತೆಗೆದಿಟ್ಟರೆ ಅರ್ಧ ಕಷ್ಟ ಕಡಿಮೆ.

ರೇಡಿಯೇಟರ್ ವಿಷಯದಲ್ಲಿ ಜಿಪುಣತನ ಬೇಡ. ಮಿನಿಯ ರೇಡಿಯೇಟರ್ ಪಕ್ಕದಲ್ಲಿ, ಚಕ್ರದ ಗೂಡಿಗೆ ಮುಖ ಮಾಡಿ ಕೂತಿರುತ್ತದೆ. ಅಲ್ಲಿಗೆ ಎದುರುಗಾಳಿ ನೇರವಾಗಿ ಬರಲ್ಲ. ಹೆಚ್ಚು ಕೋರ್ (ನೀರು ತಣಿಯುವ ಕೊಳವೆಗಳ ಸಾಲು) ಇರುವ ಹೊಸದನ್ನೇ ಹಾಕಿಸಿ. ಎಂಜಿನ್ ಮೇಲ್ಭಾಗವನ್ನು ಅದರ ಹಿಂದಿನ ತಗಡಿನ ಗೋಡೆಗೆ, ಅಂದರೆ ಬಲ್ಕ್‌ಹೆಡ್ಡಿಗೆ ಹಿಡಿದಿಡುವ ಸ್ಟೆಡಿ ಬಾರ್‌ನ ಬುಷ್ಷುಗಳನ್ನೂ ಹೊಸದು ಮಾಡಿ. ಅವು ಸವೆದಿದ್ದರೆ ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ ಹಿಂದೆ ಮುಂದೆ ತೂಗಿ, ಕೊನೆಗೆ ಎಕ್ಸಾಸ್ಟ್ ಪೈಪ್ ಮುರಿಯುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಆಯಿಲ್ ಪ್ರೆಷರ್ ಬರುವ ತನಕ ಬರೀ ಸ್ಟಾರ್ಟರಿನಲ್ಲಿ ತಿರುಗಿಸಿದೆ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆ. ಕ್ಯಾಮ್‌ಶಾಫ್ಟ್ ಹೊಸದಾದ್ದರಿಂದ ಮೊದಲ 20 ನಿಮಿಷ ಐಡ್ಲಿಂಗಿಗೆ ಬಿಡದೆ 2,000 ಸುತ್ತಿನ ಮೇಲೇ ಓಡಿಸಿದೆ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದು ಒಳ್ಳೆಯದಾಯಿತು. ಆಯಿಲ್ 20ಡಬ್ಲ್ಯೂ-50 ಮಿನರಲ್.

ಓಡಿಸಿದಾಗ ಎದ್ದು ಕಾಣುವುದು ವೇಗವಲ್ಲ, ಎಳೆತ. ಏರು ಸಿಕ್ಕಿದಾಗ ಮೂರನೇ ಗೇರಿಗೆ ಇಳಿಸಬೇಕಿದ್ದ ಕಡೆ ಈಗ ನಾಲ್ಕರಲ್ಲೇ ಹತ್ತುತ್ತದೆ.

ಕಾಗದಪತ್ರದ ಮಾತು. ಎಂಜಿನ್ ನಂಬರ್, ಸಿಸಿ ಬದಲಾದದ್ದನ್ನು ರಸೀದಿ ಸಮೇತ ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ತಿಳಿಸಿ ಲಾಗ್ ಬುಕ್ (ನೋಂದಣಿ ಪತ್ರ) ತಿದ್ದಿಸಬೇಕು. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ, ಗಣನೀಯವಾಗಿ ಬದಲಿಸದಿದ್ದರೆ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ತಪಾಸಣೆಯೂ ಕಡ್ಡಾಯವಲ್ಲ. ಅದೇ ಮೂಲ ಎಂಜಿನ್ನಿನ ಬೇರೆ ಸಿಸಿಯದ್ದು ಹಾಕಿದರೆ ಅದನ್ನು ಗಣನೀಯ ಬದಲಾವಣೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋಂಡಾ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಆದರೂ ನಾನು ವರ್ಷಕ್ಕೊಮ್ಮೆ ಎಂಒಟಿ ಮಾಡಿಸುತ್ತೇನೆ. ನನ್ನ ಕೈಯಾರೆ ಬಿಗಿದ ಬೋಲ್ಟನ್ನು ಇನ್ನೊಬ್ಬರು ನೋಡಲಿ ಅಂತ. ವಿಮೆಯವರಿಗೆ ಎಂಜಿನ್, ಬ್ರೇಕ್, ಚಕ್ರ ಮೂರನ್ನೂ ಬರೆದು ತಿಳಿಸಿದ್ದೇನೆ.

ಭಾರತದಲ್ಲಿರುವ ಊರಿನ ಗೆಳೆಯರು ತಮ್ಮ ಪ್ರೀಮಿಯರ್ ಪದ್ಮಿನಿ ಕಾರಿಗೆ ಅದೇ ಕಂಪನಿಯ 118ಎನ್‌ಇಯ 1171 ಸಿಸಿ ನಿಸಾನ್ ಎಂಜಿನ್ ಹಾಕಬಹುದಾ ಅಂತ ಕೇಳುತ್ತಿರುತ್ತಾರೆ. ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಓಗೆ ಹೋಗಿ ಬನ್ನಿ ಅನ್ನುತ್ತೇನೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ತಾಳೆಯಾಗದ ಹಾಗೆ ಬದಲಿಸುವಂತಿಲ್ಲ ಅಂತ ಅದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ.