ಡ್ರೂ ಕ್ಯಾಂಪಸ್ಸನ್ನು ನಾವು ಮೂರು ಸಲ ಸುತ್ತಿದ್ದು

ಮಗಳ ಡಿಗ್ರಿಗೆ ಕಾಲೇಜು ಹುಡುಕುತ್ತಾ ಅಮೆರಿಕದ ಡ್ರೂ ಯೂನಿವರ್ಸಿಟಿಗೆ ಮೊದಲ ಸಲ ಹೋದಾಗ ಕ್ಯಾಂಪಸ್ಸಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮಾರ್ಚ್ ತಿಂಗಳು, ಸ್ಪ್ರಿಂಗ್ ಬ್ರೇಕ್ ಅಂತ ಕಾಲೇಜಿಗೆ ರಜೆ. ನನಗೆ ಯಾವತ್ತು ರಜೆ ಸಿಗುತ್ತೆ ಅಂತ ನೋಡಿದ್ದೆನೇ ಹೊರತು ಕಾಲೇಜಿನ ಕ್ಯಾಲೆಂಡರ್ ತೆರೆದೇ ಇರಲಿಲ್ಲ. ಎಲೆ ಉದುರಿದ ಮರಗಳು, ಖಾಲಿ ದಾರಿ, ಚಳಿ ಗಾಳಿ. "ಅಮ್ಮಾ, ಇಲ್ಲಿ ಓದೋದು ದೆವ್ವಗಳಾ?" ಅಂದಳು ಮಗಳು. ಅರ್ಧ ಗಂಟೆ ಸುತ್ತಿ, ಕಾಫಿ ಕುಡಿದು ನಾವಿರುವ ಎಡಿಸನ್‌ಗೆ ವಾಪಸ್ ಬಂದೆವು. ಮನಸ್ಸಿನಲ್ಲೇ ಪಟ್ಟಿಯಿಂದ ಹೆಸರು ಹೊಡೆದೂ ಹಾಕಿದ್ದೆ.

ಡ್ರೂ ಇರುವುದು ನ್ಯೂಜೆರ್ಸಿಯ ಮ್ಯಾಡಿಸನ್ ಊರಿನಲ್ಲಿ. ಹೆಸರಿಗೆ ಯೂನಿವರ್ಸಿಟಿ, ಆದರೆ ಡಿಗ್ರಿ ಓದುವ ಮಕ್ಕಳು ಎರಡು ಸಾವಿರಕ್ಕೂ ಕಡಿಮೆ. ನಾನು ಓದಿದ ಪಿಯು ಕಾಲೇಜಿನಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದರು! ಇದು ಲಿಬರಲ್ ಆರ್ಟ್ಸ್ ಕಾಲೇಜು, ಹಾಗಂದರೆ ಬರೀ ಆರ್ಟ್ಸ್ ಅಲ್ಲ. ಕೆಮಿಸ್ಟ್ರಿ ಓದುತ್ತಾ ನಾಟಕದ ಕ್ಲಾಸಿಗೂ ಹೋಗಬಹುದು, ಏನು ಓದಬೇಕು ಅಂತ ಸೇರಿದ ದಿನವೇ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ನಮ್ಮ ಯಜಮಾನರಿಗೆ ಇದನ್ನು ಅರ್ಥ ಮಾಡಿಸೋಕೆ ಒಂದು ವಾರ ಹಿಡಿಯಿತು. "ಬ್ರಾಂಚೇ ಇಲ್ಲ ಅಂದರೆ ಪ್ಲೇಸ್‌ಮೆಂಟ್ ಯಾವುದಕ್ಕೆ?" ಅನ್ನೋದು ಅವರ ಪ್ರಶ್ನೆ. ಸುಳ್ಳಲ್ಲ, ಇಂಜಿನಿಯರಿಂಗೇ ಬೇಕು ಅಂತ ತೀರ್ಮಾನ ಮಾಡಿರುವ ಮಗುವಿಗೆ ಈ ಜಾಗ ಅಲ್ಲ.

ಸೆಪ್ಟೆಂಬರ್‌ನಲ್ಲಿ ಮತ್ತೆ ಹೋದೆವು. ಈ ಸಲ ಕ್ಯಾಲೆಂಡರ್ ನೋಡಿ, ಮಂಗಳವಾರ. ಕಾಲೇಜಿನವರೇ ಕ್ಯಾಂಪಸ್ ತೋರಿಸುವ ಟೂರ್ ಒಂದು ಗಂಟೆಯದು. ಎರಡನೇ ವರ್ಷದ ಹುಡುಗಿಯೊಬ್ಬಳು ಹಿಮ್ಮುಖವಾಗಿ ನಡೆಯುತ್ತಲೇ ಎಲ್ಲಾ ತೋರಿಸಿದಳು, ಒಂದು ಸಲವೂ ಎಡವಲಿಲ್ಲ. ಟೂರ್ ಚೆನ್ನಾಗಿಯೇ ಇತ್ತು, ಆದರೆ ಎಲ್ಲಾ ಕಾಲೇಜಿನ ಟೂರೂ ಚೆನ್ನಾಗಿಯೇ ಇರುತ್ತೆ ಅಲ್ವಾ? ಮುಗಿದ ಕೂಡಲೇ ಟೂರ್‌ಗೆ ಬಂದಿದ್ದ ಬೇರೆ ಮನೆಯವರೆಲ್ಲ ಕಾರು ಹತ್ತಿದರು. ನಾವು ಉಳಿದುಕೊಂಡೆವು. ನಿಜವಾಗಿ ನೋಡಿದ್ದು ಆಮೇಲೆ.

ಮೊದಲು ಊಟ. ಡೈನಿಂಗ್ ಹಾಲ್‌ನಲ್ಲಿ ಮಗಳನ್ನು ಬೇರೆ ಟೇಬಲ್ಲಿಗೆ ಕಳಿಸಿ ನಾನು ದೂರ ಕೂತೆ. ಅಮ್ಮ ಪಕ್ಕದಲ್ಲಿದ್ದರೆ ಯಾರು ಮನಸ್ಸು ಬಿಚ್ಚಿ ಮಾತಾಡ್ತಾರೆ? ಅಡ್ಮಿಷನ್ ಆಫೀಸಿನಲ್ಲಿ ಮೊದಲೇ ಕೇಳಿದ್ದಕ್ಕೆ ಅವಳಿಗೆ ಒಂದು ಕ್ಲಾಸಿನಲ್ಲಿ ಕೂರುವ ಅವಕಾಶವೂ ಸಿಕ್ಕಿತು. ಹದಿನಾಲ್ಕು ಜನ ಇದ್ದರಂತೆ, ಹಿಂದಿನ ಬೆಂಚು ಅನ್ನೋದೇ ಇರಲಿಲ್ಲವಂತೆ. ಅವಳು ಅಲ್ಲಿದ್ದಷ್ಟು ಹೊತ್ತು ನಾನು ಸುಮ್ನೆ ನೋಟಿಸ್ ಬೋರ್ಡ್ ಓದುತ್ತಾ ಸೈನ್ಸ್ ಕಟ್ಟಡದಲ್ಲಿ ಓಡಾಡಿದೆ.

ನಾನು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹಾಗಾಗಿ ಕಾಲು ತಾನಾಗಿ ಆ ಕಡೆ ಹೋಯಿತು. ಅಲ್ಲಿ ತಿಳಿದ ವಿಷಯಕ್ಕೆ ದಂಗಾದೆ. ಸುತ್ತಮುತ್ತಲಿನ ಕಂಪನಿಗಳಿಂದ ನಿವೃತ್ತರಾದ ವಿಜ್ಞಾನಿಗಳು ಇಲ್ಲಿಗೆ ಬಂದು ಡಿಗ್ರಿ ಮಕ್ಕಳ ಜೊತೆ ಸಂಶೋಧನೆ ಮಾಡುತ್ತಾರೆ. ರೈಸ್ ಅಂತ ಅದರ ಹೆಸರು, 1980ರಿಂದ ನಡೆಯುತ್ತಿದೆ. ಮೆರ್ಕ್ ಅನ್ನುವ ಔಷಧಿ ಕಂಪನಿಯಿಂದ 1990ರಲ್ಲಿ ನಿವೃತ್ತರಾದ ವಿಲಿಯಂ ಕ್ಯಾಂಪ್‌ಬೆಲ್ ಕೂಡ ಹೀಗೆ ಬಂದವರೇ. ಐವರ್‌ಮೆಕ್ಟಿನ್ ಅನ್ನುವ ಹುಳು ನಾಶಕ ಔಷಧಿಯ ಹಿಂದಿನ ಸಂಶೋಧನೆಗೆ 2015ರಲ್ಲಿ ನೊಬೆಲ್ ಹಂಚಿಕೊಂಡರಲ್ಲ, ಅವರೇ. ದೊಡ್ಡ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಡಿಗ್ರಿ ಮಗುವಿಗೆ ಸಾಮಾನ್ಯವಾಗಿ ಸಿಗುವುದು ಪಿಎಚ್‌ಡಿ ವಿದ್ಯಾರ್ಥಿಯ ಕೈಕೆಳಗಿನ ಕೆಲಸ. ಇಲ್ಲಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರೇ ಇಲ್ಲ, ಹಾಗಾಗಿ ಲ್ಯಾಬೆಲ್ಲ ಈ ಮಕ್ಕಳದ್ದೇ. ಚಿಕ್ಕ ಕಾಲೇಜು ಅಂತ ನಾನು ಕೊರತೆ ಅಂದುಕೊಂಡಿದ್ದು ಇದನ್ನೇ! ರಾತ್ರಿ ಯಜಮಾನರಿಗೆ ಹೇಳಿದೆ. ಅವರು ಪ್ಲೇಸ್‌ಮೆಂಟ್ ಮಾತು ಎತ್ತಲಿಲ್ಲ.

ಮೀಡ್ ಹಾಲ್ ಮುಂದೆ ಮಾತ್ರ ಅವತ್ತು ತುಂಬಾ ಹೊತ್ತು ನಿಂತೆವು. ದಪ್ಪ ಕಂಬಗಳ ಬಂಗಲೆ. 1830ರ ದಶಕದಲ್ಲಿ ವಿಲಿಯಂ ಗಿಬ್ಬನ್ಸ್ ಅನ್ನುವ ಶ್ರೀಮಂತ ಕಟ್ಟಿಸಿದ್ದು. ಇವನ ಅಪ್ಪ ಥಾಮಸ್ ಸ್ಟೀಮ್‌ಬೋಟ್ ವ್ಯವಹಾರದಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ 1824ರಲ್ಲಿ ಗೆದ್ದವನು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಕೇಂದ್ರ ಸರ್ಕಾರದ್ದೇ ಕಾನೂನು ಅಂತ ಆದ ದೊಡ್ಡ ತೀರ್ಪು ಅದು. ಆಮೇಲೆ ಎಸ್ಟೇಟನ್ನು ಕೊಂಡವನು ಡೇನಿಯಲ್ ಡ್ರೂ. ದನ ಮಾರುತ್ತಿದ್ದವನು ವಾಲ್ ಸ್ಟ್ರೀಟಿಗೆ ಹೋಗಿ ಕುಬೇರನಾದ. ದನಗಳಿಗೆ ಉಪ್ಪು ತಿನ್ನಿಸಿ, ಸಂತೆಗೆ ಮುಂಚೆ ಹೊಟ್ಟೆ ತುಂಬಾ ನೀರು ಕುಡಿಸಿ ತೂಕ ಹೆಚ್ಚಿಸುತ್ತಿದ್ದ ಅಂತ ಕಥೆ ಹೇಳುತ್ತಾರೆ. ನಮ್ಮ ಕಡೆಯ ಹಾಲಿನವರು ನೆನಪಾದರು. ಇಷ್ಟಾದರೂ ಭಾರಿ ದೈವಭಕ್ತ, 1867ರಲ್ಲಿ ಇಲ್ಲಿ ಮೆಥಡಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಪಾದ್ರಿಗಳ ಶಾಲೆ ಶುರುವಾದದ್ದು ಅವನ ದುಡ್ಡಿನಿಂದ. 1876ರಲ್ಲಿ ಅವನೇ ದಿವಾಳಿಯಾದ. ಕೊಡ್ತೀನಿ ಅಂದಿದ್ದ ನಿಧಿ ಕೈಗೆ ಬರಲೇ ಇಲ್ಲ, ಜಾಗ, ಕಟ್ಟಡ ಉಳಿದವು. ಈಗಿನ ಡಿಗ್ರಿ ಕಾಲೇಜು ಬಂದಿದ್ದು 1928ರಲ್ಲಿ, ಬಾಲ್ಡ್‌ವಿನ್ ಅಣ್ಣತಮ್ಮಂದಿರ ಹಣದಲ್ಲಿ. ಬೆಂಗಳೂರಿನ ಬಾಲ್ಡ್‌ವಿನ್ ಸ್ಕೂಲೂ ಮೆಥಡಿಸ್ಟರದ್ದೇ ಆದ್ದರಿಂದ ಇವರೇ ಇರಬೇಕು ಅಂತ ಮಗಳಿಗೆ ಜಂಬದಿಂದ ಹೇಳಿದೆ. ಮನೆಗೆ ಬಂದು ನೋಡಿದರೆ ಅದು ಒಹಾಯೋದ ಬೇರೆ ಬಾಲ್ಡ್‌ವಿನ್.

ಹಿಂದುಗಡೆ ಕಾಡು. ನಿಜವಾದ ಕಾಡೇ, ಒಳಗೆ ಹಿಮಯುಗ ಬಿಟ್ಟುಹೋದ ಎರಡು ಪುಟ್ಟ ಕೊಳಗಳೂ ಇವೆ. ಟೂರ್‌ನಲ್ಲಿ ದೂರದಿಂದಲೇ ಕೈ ತೋರಿಸಿದ್ದರು. ನಾವು ಒಳಗೆ ಹೋಗಿ ಕೂತೆವು, ಅಷ್ಟೇ. ಮಗಳು ಇಪ್ಪತ್ತು ನಿಮಿಷ ಫೋನ್ ಮುಟ್ಟಲಿಲ್ಲ. ಇದನ್ನು ಯಾವ ಪಟ್ಟಿಯಲ್ಲಿ ಬರೆದುಕೊಳ್ಳಲಿ?

ಮೂರನೇ ಸಲ ಕಾರು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಹೋದೆವು. ನಾಳೆ ಅವಳು ಓಡಾಡಬೇಕಾದದ್ದು ಹಾಗೇ ತಾನೆ? ಎಡಿಸನ್‌ನಿಂದ ಹೊರಟು ಸಿಕಾಕಸ್‌ನಲ್ಲಿ ಇಳಿದು ಮಾರಿಸ್‌ಟೌನ್ ಲೈನ್ ಹಿಡಿಯಬೇಕು. ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ ಸುತ್ತಿ ಸುತ್ತಿ ಎರಡು ಗಂಟೆ ಆಯಿತು, ಮಗಳು ಗೊಣಗಿದಳು. ಆದರೆ ಅದೇ ಲೈನ್ ನೇರವಾಗಿ ನ್ಯೂಯಾರ್ಕಿನ ಪೆನ್ ಸ್ಟೇಷನ್‌ಗೂ ಹೋಗುತ್ತೆ, ಸುಮಾರು ಒಂದು ಗಂಟೆ. ಸ್ಟೇಷನ್‌ನಿಂದ ಕ್ಯಾಂಪಸ್ಸಿಗೆ ನಡೆದೇ ಹೋಗಬಹುದು.

ಫೀಸಿನ ವಿಷಯ. ಕಾಲೇಜು ಹೇಳುವ ಪೂರ್ತಿ ಫೀಸಿನ ಅಂಕಿ ನೋಡಿ ಎದೆ ಒಡೆದುಕೊಳ್ಳಬೇಡಿ. 2018ರಲ್ಲಿ ಡ್ರೂ ಟ್ಯೂಷನ್ ಫೀಸನ್ನು ಸುಮಾರು ಶೇ. 20ರಷ್ಟು ಇಳಿಸಿತ್ತು, ಆದರೂ ಖಾಸಗಿ ಕಾಲೇಜು ಖಾಸಗಿ ಕಾಲೇಜೇ. ಹೋಗುವ ಮುಂಚೆ, ಸ್ಕಾಲರ್‌ಶಿಪ್ ಕಳೆದು ಕೈಯಿಂದ ಎಷ್ಟು ಕೊಡಬೇಕಾಗಬಹುದು ಅಂತ ಅಂದಾಜು ಹೇಳುವ, ಕಾಲೇಜಿನ ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ಗೆ ಮನೆಯ ಆದಾಯ ಹಾಕಿ ನೋಡಿ. ನಾವು ಎರಡನೇ ಭೇಟಿ ಆದಮೇಲೆ ಮಾಡಿದೆವು. ತಪ್ಪು. ಮಗಳು ಅಷ್ಟು ಹೊತ್ತಿಗೆ ಆಸೆ ಇಟ್ಟುಕೊಂಡಾಗಿತ್ತು, ಪುಣ್ಯಕ್ಕೆ ಲೆಕ್ಕ ಹೊಂದಿತು.

ಆ ಮೂರನೇ ದಿನ ಲೈಬ್ರರಿ ಹತ್ತಿರ ನಡೆಯುವಾಗ ಮೆಥಡಿಸ್ಟ್ ಚರ್ಚಿನ ದಾಖಲೆಗಳ ಭಂಡಾರ ಇರುವುದು ಇಲ್ಲೇ ಅಂತ ಗೊತ್ತಾಯಿತು. ನಾನು ಹುಟ್ಟಿದ್ದು ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ. ಮೆಥಡಿಸ್ಟ್ ಮಿಷನ್ ಕಟ್ಟಿಸಿದ ಆಸ್ಪತ್ರೆ ಅದು. ನಮ್ಮೂರಿಗೆ ಬಂದವರ ಕಾಗದವೋ ಫೋಟೋವೋ ಈ ಗೋಡೆಯ ಆ ಕಡೆ ಇದ್ದರೂ ಇರಬಹುದು. "ಒಳಗೆ ಹೋಗೋಣ ಬಾ ಅಮ್ಮಾ" ಅಂದಳು ಮಗಳು. ನಾಲ್ಕೂಕಾಲರ ರೈಲಿಗೆ ಇಪ್ಪತ್ತೈದು ನಿಮಿಷ ಇತ್ತು. ಇನ್ನೊಂದು ಸಲ, ಅಂದೆ.