ಟೋ ಬಾರ್ ಹಾಕೋಕೆ ಒಂದು ದಿನ, ಬಿಚ್ಚೋಕೆ ಎರಡು ದಿನ

ನಮ್ಮ ಮನೆಯ ಎಸ್‌ಯುವಿಗೆ ಟೋ ಬಾರ್ (ಟ್ರೇಲರ್ ಎಳೆಯೋಕೆ ಗಾಡಿಯ ಹಿಂದೆ ಕೂರಿಸುವ ಲೋಹದ ಬಾರ್) ಹಾಕಿದ್ದೂ ನಾನೇ, ಐದು ವರ್ಷ ಆದಮೇಲೆ ಗಾಡಿ ಮಾರುವಾಗ ಬಿಚ್ಚಿದ್ದೂ ನಾನೇ. ಹಾಕೋದು ಒಂದೇ ದಿನಕ್ಕೆ ಮುಗಿಯಿತು. ಬಿಚ್ಚೋಕೆ ಎರಡು ದಿನ ಹಿಡಿಯಿತು. ಆ ಎರಡನೇ ದಿನಕ್ಕೆ ಕಾರಣ ಒಂದೇ ಒಂದು ಬೋಲ್ಟ್.

ಮೊದಲು ಹಾಕಿದ್ದನ್ನು ಹೇಳುತ್ತೇನೆ. ನಮ್ಮ ಮಾಡೆಲ್‌ಗೇ ಅಂತ ಮಾಡಿದ ಕಿಟ್ ತರಿಸಿದೆ. ಬಾರ್ ಮೇಲೆ ಒಂದು ಪ್ಲೇಟ್ ಇರುತ್ತದೆ, ಅದರಲ್ಲಿ ಎಷ್ಟು ಭಾರ ಎಳೆಯಬಹುದು, ಟ್ರೇಲರಿನ ಕೊಂಡಿ ಕೂರುವ ಬಾಲ್ ಮೇಲೆ ಎಷ್ಟು ಭಾರ ಕೂರಿಸಬಹುದು ಅಂತ ಬರೆದಿರುತ್ತದೆ. ಗಾಡಿಯ ಮ್ಯಾನ್ಯುಯಲ್‌ನಲ್ಲೂ ಒಂದು ಲೆಕ್ಕ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ.

ಹಿಂದಿನ ಬಂಪರ್ ಬಿಚ್ಚುವಾಗ ಅವಸರ ಬೇಡ. ಟೇಲ್ ಲ್ಯಾಂಪ್ ತೆಗೆದೆ, ಚಕ್ರದ ಹತ್ತಿರದ ಸ್ಕ್ರೂ ತೆಗೆದೆ, ಆಮೇಲೆ ಅಡಿಯ ಪ್ಲಾಸ್ಟಿಕ್ ಕ್ಲಿಪ್‌ಗಳು. ಈ ಕ್ಲಿಪ್‌ನ ನಡುವಿನ ಪಿನ್ ಮೊದಲು ಎತ್ತಬೇಕು, ಆಗ ಇಡೀ ಕ್ಲಿಪ್ ಸಲೀಸಾಗಿ ಬರುತ್ತದೆ. ಬಂಪರ್ ಎಳೆದ ತಕ್ಷಣ ಪಾರ್ಕಿಂಗ್ ಸೆನ್ಸರ್ ವೈರ್ ಹಿಂದಿನಿಂದ ಜಗ್ಗುತ್ತದೆ. ಅದಕ್ಕೇ ನನ್ನ ತಮ್ಮನನ್ನು ಇನ್ನೊಂದು ತುದಿಗೆ ನಿಲ್ಲಿಸಿಕೊಂಡೆ. ಅವನು ಹಿಡಿದ, ನಾನು ಕನೆಕ್ಟರ್ ಬಿಡಿಸಿದೆ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿದ್ದರಿಂದ ಬಣ್ಣಕ್ಕೆ ಗೀರು ಬೀಳಲಿಲ್ಲ.

ಬಂಪರ್ ಹಿಂದೆ ಒಂದು ಲೋಹದ ಅಡ್ಡಪಟ್ಟಿ ಇರುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಏಟು ತಿನ್ನೋದು ಅದು. ನಮ್ಮ ಗಾಡಿಯಲ್ಲಿ ಅದನ್ನು ತೆಗೆದು, ಆ ಜಾಗಕ್ಕೇ ಟೋ ಬಾರ್ ಕೂರಿಸಬೇಕು. ತೆಗೆದ ಪಟ್ಟಿಯನ್ನು, ಅದರ ನಟ್‌ಗಳ ಸಮೇತ, ಸುತ್ತಿ ಅಟ್ಟದ ಮೇಲೆ ಇಟ್ಟೆ. ಟೋ ಬಾರ್ ಬಿಚ್ಚುವ ದಿನ ಅದು ಇಲ್ಲದಿದ್ದರೆ ಬಂಪರ್ ಹಿಂದೆ ಏನೂ ಇರುವುದಿಲ್ಲ. ಬರೀ ಪ್ಲಾಸ್ಟಿಕ್. ದಯವಿಟ್ಟು ಗುಜರಿಗೆ ಹಾಕಬೇಡಿ.

ಬಾರ್ ಇಪ್ಪತ್ತು ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಜಾಕ್ ಮೇಲೆ ಮರದ ತುಂಡು ಇಟ್ಟು ನಿಧಾನಕ್ಕೆ ಎತ್ತಿದೆವು. ಅದರ ಎರಡು ತೋಳುಗಳು ಛಾಸಿಯ ಉದ್ದನೆಯ ತೊಲೆಗಳ ಅಡಿಗೆ ಬರುತ್ತವೆ. ಬೋಲ್ಟ್ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ನಟ್ ತೊಲೆಯ ಒಳಗೇ ವೆಲ್ಡ್ ಆಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಲ್ಲೇ ನಾಲ್ಕೈದು ಸುತ್ತು ಹತ್ತಿಸಿದೆ. ಬೆರಳಿಗೆ ಬಗ್ಗದ ಬೋಲ್ಟ್‌ಗೆ ಪಾನಾ ಹಾಕಿದರೆ ಥ್ರೆಡ್ ಹಾಳಾಗುತ್ತದೆ. ಬಾರ್ ನಡುವಿಗೆ ಬಂದಿದೆಯಾ ಅಂತ ಎರಡೂ ಕಡೆ ಅಳತೆ ನೋಡಿಕೊಂಡು, ಆಮೇಲೆ ಟಾರ್ಕ್ ರೆಂಚ್ (ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಅಂತ ತೋರಿಸುವ ಪಾನಾ) ಹಿಡಿದೆ. ನನ್ನವು 10.9 ಗ್ರೇಡ್‌ನ ಎಂ12 (ಗಟ್ಟಿ ಉಕ್ಕಿನ, 12 ಮಿ.ಮೀ. ದಪ್ಪದ) ಬೋಲ್ಟ್‌ಗಳು, ಹಾಳೆಯಲ್ಲಿ 110 ನ್ಯೂಟನ್ ಮೀಟರ್ ಅಂತ ಇತ್ತು. ನಿಮ್ಮ ಕಿಟ್‌ನ ಹಾಳೆ ಏನು ಹೇಳುತ್ತದೋ ಅದನ್ನೇ ನಂಬಿ. ಅದು ಹೇಳದೆ ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ. ಗ್ರೀಸ್ ಇದ್ದರೆ ಅದೇ ಟಾರ್ಕ್‌ಗೆ ಬೋಲ್ಟ್ ಜಾಸ್ತಿ ಬಿಗಿದು ಹಿಗ್ಗಿಬಿಡುತ್ತದೆ.

ಟ್ರೇಲರಿನ ಲೈಟುಗಳ ವೈರಿಂಗ್ ಬಗ್ಗೆ ಎರಡೇ ಮಾತು. ಈಗಿನ ಗಾಡಿಗಳಲ್ಲಿ ಲೈಟಿನ ವೈರ್ ಸುಲಿದು ಸುಮ್ನೆ ಜೋಡಿಸಬೇಡಿ, ಗಾಡಿಯ ಕಂಪ್ಯೂಟರ್ ಬಲ್ಬ್ ಕೆಟ್ಟಿದೆ ಅಂತ ತಿಳಿಯುತ್ತದೆ. ಬ್ಯಾಟರಿಯಿಂದಲೇ ಫ್ಯೂಸ್ ಮೂಲಕ ಕರೆಂಟ್ ತೆಗೆದುಕೊಳ್ಳುವ ಮಾಡ್ಯೂಲ್ ಹಾಕಿದೆ. ಇನ್ನೊಂದು, ಇಂಡಿಕೇಟರ್ ಹಾಕಿದಾಗ ಟ್ರೇಲರಿನ ಬೇರೆ ಲೈಟುಗಳೂ ಜೊತೆಗೆ ಮಿಣುಕಿದರೆ ಮೊದಲು ಅರ್ಥ್ ನೋಡಿ. ನನಗೂ ಹಾಗೇ ಆಯಿತು. ಅರ್ಥ್ ಜಾಗದ ಬಣ್ಣ ಕೆರೆದ ಮೇಲೆ ಸರಿಹೋಯಿತು.

ಸಾವಿರ ಕಿಲೋಮೀಟರ್ ಆದಮೇಲೆ ಮತ್ತೊಮ್ಮೆ ಟಾರ್ಕ್ ನೋಡಿದೆ. ಬೋಲ್ಟ್ ತಲೆಗಳಿಗೆಲ್ಲ ತುಕ್ಕು ಹಿಡಿಯದ ವ್ಯಾಕ್ಸ್ ಸ್ಪ್ರೇ ಹೊಡೆದೆ. ಆದರೆ ತೊಲೆಯ ಒಳಗೆ, ನಟ್ ದಾಟಿ ಮೇಲೆ ಇಣುಕುವ ಬೋಲ್ಟಿನ ತುದಿಗಳಿಗೆ ಹೊಡೆಯಲಿಲ್ಲ.

ಬಿಚ್ಚುವ ದಿನ ಗೊತ್ತಾಯಿತು. ಬೋಲ್ಟ್‌ಗಳು ಮೊದಲು ಎರಡು ಸುತ್ತು ಚೆನ್ನಾಗಿಯೇ ತಿರುಗಿದವು. ಆಮೇಲೆ ಬಿಗಿಯಾದವು. ಐದು ವರ್ಷದ ಕೆಸರು ತಿಂದ ತುದಿ ಈಗ ನಟ್ ಒಳಗಿಂದ ಹಾದು ಬರಬೇಕಲ್ವಾ? ತುಕ್ಕೆಲ್ಲ ಥ್ರೆಡ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್ ಬಿಗಿದು, ಎಣ್ಣೆ ಬಿಟ್ಟು, ಮತ್ತೆ ಬಿಚ್ಚಿ, ಹೀಗೇ ಐದು ಬೋಲ್ಟ್ ಬಂದವು. ಎಡಗಡೆಯ ಕೊನೆಯದಕ್ಕೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಪಾನಾಗೆ ಪೈಪ್ ಸಿಕ್ಕಿಸಿ ಒಂದೇ ಸಲಕ್ಕೆ ಎಳೆದೆ. ಒಳಗೆ ಟಕ್ ಅಂತ ಸದ್ದಾಯಿತು.

"ಅಣ್ಣಾ, ತಿರುಗ್ತಾ ಇದೆ, ಆದರೆ ಕೆಳಗೆ ಬರ್ತಾ ಇಲ್ಲ" ಅಂದ ತಮ್ಮ. ನಟ್‌ನ ವೆಲ್ಡ್ ಬಿಟ್ಟುಹೋಗಿತ್ತು. ಬೋಲ್ಟ್ ಜೊತೆ ನಟ್ಟೂ ಸುತ್ತುತ್ತಿತ್ತು.

ಗ್ರೈಂಡರ್ ಹಚ್ಚಲು ಮನಸ್ಸು ಒಪ್ಪಲಿಲ್ಲ. ಪಕ್ಕದಲ್ಲೇ ಟ್ಯಾಂಕ್, ಸುತ್ತ ವ್ಯಾಕ್ಸ್, ಕಿಡಿ ಹಾರಿದರೆ ಗತಿ ಏನು? ಮರುದಿನ ಬೆಳಿಗ್ಗೆ ಬಾರ್‌ಗೆ ಜಾಕ್ ಆಸರೆ ಕೊಟ್ಟು, ಬೋಲ್ಟ್ ತಲೆಯ ನಡುವೆ ಪಂಚ್ ಹೊಡೆದು, ಕೋಬಾಲ್ಟ್ ಡ್ರಿಲ್ ಬಿಟ್‌ನಿಂದ ಸಣ್ಣ ತೂತಿನಿಂದ ಶುರುಮಾಡಿ ದೊಡ್ಡದು ಮಾಡುತ್ತಾ ಹೋದೆ. ಕನ್ನಡಕ ಹಾಕಿಕೊಂಡಿದ್ದೆ, ಚೂರು ಮುಖಕ್ಕೇ ಬೀಳುತ್ತವೆ. ಡ್ರಿಲ್‌ನ ವೇಗ ಕಡಿಮೆ, ಒತ್ತು ಜಾಸ್ತಿ, ನಡುನಡುವೆ ಎಣ್ಣೆ. ಸುಮಾರು ಎರಡು ಗಂಟೆ ಆದಮೇಲೆ ತಲೆ ಬಳೆಯ ಹಾಗೆ ಕಳಚಿ ಬಿತ್ತು. ಬಾರ್ ಇಳಿಸಿ, ಉಳಿದ ತುಂಡನ್ನು ನಟ್ ಸಮೇತ ಮೇಲಕ್ಕೆ ತಳ್ಳಿ, ತೊಲೆಯ ತೆರೆದ ಬಾಯಿಂದ ಮ್ಯಾಗ್ನೆಟ್ ಬಿಟ್ಟು ಎಳೆದುಕೊಂಡೆ.

ಅಟ್ಟದ ಪಟ್ಟಿ ವಾಪಸ್ ತನ್ನ ಜಾಗಕ್ಕೆ ಸರಿಯಾಗಿ ಕೂತಿತು. ಖಾಲಿ ತೂತುಗಳ ಒಳಗೆ ಉದ್ದ ನಳಿಕೆಯಿಂದ ವ್ಯಾಕ್ಸ್ ಬಿಟ್ಟು, ರಬ್ಬರ್ ಬಿರಡೆ ಹಾಕಿ ಮುಚ್ಚಿದೆ. ಗಾಡಿ ಕೊಂಡವರಿಗೆ ಎಡಗಡೆಯ ಆ ತೂತನ್ನು ಬೆರಳಿಟ್ಟು ತೋರಿಸಿ, ಇಲ್ಲಿ ನಟ್ ಇಲ್ಲ ಅಂತ ಹೇಳಿಯೇ ಕೀಲಿ ಕೊಟ್ಟೆ.